ಅತ್ತರಿಗೆ ಅವಸರ ಒಗ್ಗದು

ತಾರ್ನಾಕದಲ್ಲಿರುವ ನಮಗೆ ಐಐಸಿಟಿಯಂಥ ದೊಡ್ಡ ರಸಾಯನಶಾಸ್ತ್ರ ಸಂಸ್ಥೆ ನೆರೆಮನೆ ಇದ್ದಂತೆ. ಆದರೆ ಸುಗಂಧದ ವಿಷಯ ಬಂದರೆ ನನಗೆ ನೆನಪಾಗುವುದು ಚಾರ್‌ಮಿನಾರ್ ಕಡೆಯ ಅತ್ತರ್ ಅಂಗಡಿಗಳು. ಅತ್ತರಿನಲ್ಲಿ ಆಲ್ಕೋಹಾಲ್ ಇಲ್ಲ. ಮಣಿಕಟ್ಟಿಗೆ ಒಂದು ಹನಿ ಸವರಿದರೆ ಮೈಯ ಬಿಸಿಗೆ ಮೆಲ್ಲಗೆ ಅರಳುತ್ತದೆ.

ಅದನ್ನು ತಯಾರಿಸುವುದೂ ಅಷ್ಟೇ ನಿಧಾನ. ಉತ್ತರಪ್ರದೇಶದ ಕನೌಜ್‌ನಲ್ಲಿ ಇಂದಿಗೂ ತಾಮ್ರದ ಡೇಗ್‌ಗೆ ಹೂವು, ನೀರು ತುಂಬಿ, ಮುಚ್ಚಳಕ್ಕೆ ಜೇಡಿಮಣ್ಣು ಮೆತ್ತಿ ಸಣ್ಣ ಉರಿಯಲ್ಲಿ ಕಾಯಿಸುತ್ತಾರೆ. ಆವಿ ಬಿದಿರಿನ ಕೊಳವೆಯಲ್ಲಿ ಹಾದು, ನೀರಿನಲ್ಲಿ ಮುಳುಗಿಸಿಟ್ಟ ಭಪ್ಕಾ ಎಂಬ ಪಾತ್ರೆ ಸೇರುತ್ತದೆ. ಅಲ್ಲಿ ಕಾದಿರುವುದು ಶ್ರೀಗಂಧದ ಎಣ್ಣೆ. ಪರಿಮಳವನ್ನು ಹಿಡಿದಿಡುವುದು ಅದೇ. ಮರುದಿನ ಹೊಸ ಹೂವು, ಅದೇ ಎಣ್ಣೆ. ಹೀಗೇ ಹಲವು ದಿನ. ಉರಿ ಏರಿದರೆ ಹೂವು ಸೀದು, ಶ್ರಮವೆಲ್ಲ ನೀರುಪಾಲು.

ನಮಗಿದು ಪರರ ವಿದ್ಯೆಯೇನಲ್ಲ. ಹನ್ನೊಂದನೆಯ ಶತಮಾನದ ಕನ್ನಡ ಗ್ರಂಥ ‘ಲೋಕೋಪಕಾರ’ದಲ್ಲೇ ಸುಗಂಧ ತಯಾರಿಕೆಯ ವಿವರಗಳಿವೆ. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, ಮೈಸೂರು ಸಂಸ್ಥಾನ 1916ರಲ್ಲಿ ತಾನೇ ಎಣ್ಣೆ ತೆಗೆಯಲು ಹೊರಟಿತು.

ಈಗಿನ ಕಷ್ಟವೂ ಆ ಎಣ್ಣೆಯದೇ. ಗಂಧದ ಮರದಲ್ಲಿ ಚೇಗು ಬಲಿಯಲು ವರ್ಷಗಟ್ಟಲೆ ಬೇಕು, ಬೆಲೆ ಕೈಗೆಟುಕದು. ಹಾಗಾಗಿ ಬಹಳಷ್ಟು ಅತ್ತರಿನ ತಳದಲ್ಲಿ ಪ್ಯಾರಾಫಿನ್ ಬಂದು ಕೂತಿದೆ. 2001ರ ಕಾನೂನು ತಿದ್ದುಪಡಿಯಿಂದ ಕರ್ನಾಟಕದಲ್ಲಿ ಬೆಳೆದವರೇ ಮರದ ಒಡೆಯರಾದರು ಎಂಬುದೊಂದು ಸಮಾಧಾನ. ಆ ಮರಗಳೂ ಬಲಿಯಬೇಕಷ್ಟೆ.

ಅಲ್ಲಿಯತನಕ ನೀವು ಅತ್ತರ್ ಕೊಳ್ಳುವಾಗ ಹೂವಿನ ಹೆಸರಿನ ಜೊತೆಗೆ ತಳದ ಎಣ್ಣೆ ಯಾವುದೆಂದೂ ಕೇಳಿ. ಸವರಿಕೊಂಡು ಒಂದು ಗಂಟೆ ಸುತ್ತಾಡಿ ಬಂದು ಆಮೇಲೆ ದುಡ್ಡು ಕೊಡಿ.