ಅಕ್ಕಡಿ ಸಾಲಿನ ಲೆಕ್ಕ

ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರದ ಕಡೆ ಹಿಂದೆಲ್ಲ ಹೊಲಕ್ಕೆ ಬರೀ ರಾಗಿ ಬಿತ್ತುವ ರೂಢಿ ಇರಲಿಲ್ಲ. ಕೂರಿಗೆ ಸಾಗಿದಂತೆ ಆರೆಂಟು ಸಾಲಿಗೊಮ್ಮೆ, ಹಿಂದೆ ಕಟ್ಟಿದ ಬಿದಿರಿನ ಕೊಳವೆಯಿಂದ ಬೇರೆ ಕಾಳು ನೆಲಕ್ಕಿಳಿಯುತ್ತಿತ್ತು. ಅದನ್ನು ಬಿಡುತ್ತ ನಡೆಯುತ್ತಿದ್ದವರು ಹೆಚ್ಚಾಗಿ ಹೆಂಗಸರು. ಅವರ ಮಡಿಲಲ್ಲಿ ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು, ಸಾಸಿವೆ. ಬದುವಿನ ಪಕ್ಕಕ್ಕೆ ನಾಲ್ಕು ಹರಳು. ಇದೇ ಅಕ್ಕಡಿ ಸಾಲು. ಈಗಲೂ ಅಲ್ಲಲ್ಲಿ ಉಳಿದುಕೊಂಡಿದೆ.

ಸಾವಯವವೆಂದರೆ ಗೊಬ್ಬರದಂಗಡಿಗೆ ಹೋಗದಿರುವುದು, ಔಷಧಿ ಹೊಡೆಯದಿರುವುದು ಎಂದಷ್ಟೇ ತಿಳಿದವರು ಈ ಸಾಲುಗಳ ಮುಂದೆ ಒಮ್ಮೆ ಕುಕ್ಕರಗಾಲಲ್ಲಿ ಕೂರಬೇಕು. ಬಿತ್ತಿ ನಲವತ್ತು ದಿನವಾದ ಅಲಸಂದೆ ಗಿಡವನ್ನು ಮಣ್ಣು ಸಮೇತ ಮೆಲ್ಲಗೆ ಎಬ್ಬಿಸಿದರೆ ಬೇರಿನ ತುಂಬ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಚಿವುಟಿ ನೋಡಿ, ಒಳಗೆ ನಸುಗೆಂಪು. ಕೆಂಪಿದ್ದರೆ ಗಂಟು ದುಡಿಯುತ್ತಿದೆ ಎಂದೇ ಅರ್ಥ. ಅದರೊಳಗಿನ ರೈಝೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒಗ್ಗುವ ಆಹಾರವಾಗಿ ಮಾರ್ಪಡಿಸುತ್ತಿದೆ.

ಯೂರಿಯಾದಲ್ಲಿರುವುದೂ ಸಾರಜನಕವೇ, ಶೇ 46ರಷ್ಟು. ಎರಚಿದ ವಾರದೊಳಗೆ ಪೈರು ಕಡುಹಸಿರಾಗುವುದನ್ನು ಯಾವ ರೈತನೂ ಅಲ್ಲಗಳೆಯುವುದಿಲ್ಲ. ಆದರೆ ಒಂದು ಪಾಲು ಮಳೆ ನೀರಿನ ಜೊತೆ ಹರಿದುಹೋಗುತ್ತದೆ, ಇನ್ನೊಂದು ಪಾಲು ಗಾಳಿಗೆ ಸೇರುತ್ತದೆ. ಹೆಚ್ಚು ಉಂಡು ಮೆತ್ತಗಾದ ಪೈರಿಗೆ ಹುಳುವೂ ಬೇಗ ಬರುತ್ತದೆ. ಆಗ ಔಷಧಿ ಬೇಕು, ಔಷಧಿಗೆ ಸಾಲ ಬೇಕು. ಕೊಟ್ಟಿಗೆ ಗೊಬ್ಬರ ಹಾಗಲ್ಲ. ಅದರಲ್ಲಿ ಸಾರಜನಕ ಇರುವುದು ಸುಮಾರು ಶೇ ಅರ್ಧದಷ್ಟೇ. ಆದರೆ ಅದು ಎರೆಹುಳುವಿಗೂ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳಿಗೂ ಊಟ. ಮಣ್ಣು ಸಡಿಲವಾಗುತ್ತದೆ, ಬಿದ್ದ ಮಳೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಂಬಿದ ರಾಗಿ ಸೀಮೆಯಲ್ಲಿ ಈ ತೇವದ ಬೆಲೆ ಎಷ್ಟೆಂದು ಬೆಳೆ ಒಣಗಿಸಿಕೊಂಡವರಿಗೇ ಗೊತ್ತು.

ಅಕ್ಕಡಿಯಲ್ಲಿ ಸುಮ್ಮನೆ ನಿಂತ ಗಿಡ ಒಂದೂ ಇಲ್ಲ. ಎತ್ತರದ ಜೋಳದ ದಂಟಿನ ಮೇಲೆ ಹಕ್ಕಿ ಕೂತು ಹುಳು ಹೆಕ್ಕುತ್ತದೆ. ಎಲೆ ತಿನ್ನುವ ಹುಳುವಿನ ಪತಂಗ ಹರಳಿನ ಅಗಲ ಎಲೆ ಹುಡುಕಿಕೊಂಡು ಹೋಗಿ ಮೊಟ್ಟೆಯಿಡುತ್ತದೆ, ಆ ಎಲೆ ಕಿತ್ತು ಹಾಕಿದರೆ ಅರ್ಧ ಕೆಲಸ ಮುಗಿಯಿತು. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ಮಳೆ ಕೈಕೊಟ್ಟು ರಾಗಿ ಹೋದರೂ ತೊಗರಿಯ ಆಳದ ಬೇರು ನೀರು ಹುಡುಕಿಕೊಳ್ಳುತ್ತದೆ, ಮನೆಗೆ ಬೇಳೆಯಾದರೂ ಬರುತ್ತದೆ.

ಹುಳುವಿಗೆಂದು ಹೊಡೆದ ವಿಷ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಕನ್ನಡ ಮಾತಾಡುವ ಊರುಗಳೇ ಅನುಭವಿಸಿವೆ. ಕಾಸರಗೋಡಿನ ಎಣ್ಮಕಜೆ ಸುತ್ತಿನ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ತೋಟದ ಕೆಳಗಿನ ಮನೆಗಳ ಬಾವಿ, ತೊರೆ, ಅಂಗಳ ಯಾವುದೂ ಉಳಿಯಲಿಲ್ಲ. ಕೈಕಾಲು ಸ್ವಾಧೀನವಿಲ್ಲದ ಮಕ್ಕಳನ್ನು ಹೊತ್ತು ತಾಯಂದಿರು ಬೀದಿಗಿಳಿದು ಹೋರಾಡಿದರು. ಸುಪ್ರೀಂ ಕೋರ್ಟು ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆದದ್ದು 2011ರಲ್ಲಿ.

ಇನ್ನು ತಿನ್ನುವವರ ಪ್ರಶ್ನೆ. ಸಾವಯವ ಆಹಾರದಲ್ಲಿ ಪೋಷಕಾಂಶ ಹೆಚ್ಚಿದೆಯೇ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ, ಜೀವಸತ್ವಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಕೀಟನಾಶಕದ ಉಳಿಕೆ ಮಾತ್ರ ಕಡಿಮೆ ಎಂದರು. 2014ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ತಂಡ 343 ಅಧ್ಯಯನಗಳನ್ನು ಕಲೆಹಾಕಿ, ಸಾವಯವ ಬೆಳೆಯಲ್ಲಿ ಆಂಟಿಆಕ್ಸಿಡೆಂಟುಗಳು ಹೆಚ್ಚು, ಕ್ಯಾಡ್ಮಿಯಂ ಕಡಿಮೆ ಎಂದಿತು. ರೋಗವೆಲ್ಲ ವಾಸಿಯಾಗುತ್ತದೆ ಎಂದು ಮಾರುವವರ ಮಾತಿಗೆ ಇವೆರಡರಲ್ಲೂ ಆಧಾರವಿಲ್ಲ. ತಟ್ಟೆಗೆ ಬರುವ ವಿಷ ಕಡಿಮೆಯಾಗುತ್ತದೆ ಎಂಬುದನ್ನು ಎರಡೂ ಒಪ್ಪುತ್ತವೆ. ಬೆನ್ನಿಗೆ ಟ್ಯಾಂಕು ಹೊತ್ತು, ಮೂಗಿಗೆ ಟವೆಲ್ ಸುತ್ತಿಕೊಂಡು ಸಿಂಪಡಿಸುವ ಕೂಲಿಯವನ ಎದೆಗೆ ಹೋಗುವ ವಿಷವನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ಹಾಗೆಂದು ರಾತ್ರೋರಾತ್ರಿ ಬದಲಾಗುವ ಕೆಲಸವಲ್ಲ ಇದು. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರವನ್ನು ಒಮ್ಮೆಲೇ ನಿಷೇಧಿಸಿ, ಕೆಲವೇ ತಿಂಗಳಲ್ಲಿ ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು. ಭತ್ತದ ಇಳುವರಿಯೂ ಕುಸಿಯಿತು. ಮಣ್ಣು ಚೇತರಿಸಿಕೊಳ್ಳಲು ಕಾಲ ಬೇಕು. ಪ್ರಮಾಣಪತ್ರದ ನಿಯಮವೂ ಎರಡು ಮೂರು ವರ್ಷ ಕಾಯಿಸುತ್ತದೆ. ಆ ವರ್ಷಗಳಲ್ಲಿ ಇಳುವರಿ ತಗ್ಗಬಹುದು, ಹೆಚ್ಚಿನ ಬೆಲೆಯೂ ಸಿಗದು. ಸಾವಯವ ಕೃಷಿ ನೀತಿಯನ್ನು ದೇಶದಲ್ಲೇ ಮೊದಲು, 2004ರಲ್ಲಿ, ತಂದ ಕರ್ನಾಟಕ ಈ ನಡುವಿನ ವರ್ಷಗಳಲ್ಲಿ ರೈತನ ಕೈಹಿಡಿಯಬೇಕು. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವವರೆಗೂ ತೋಟಕ್ಕೆ ಬಂದವರಿಗೆಲ್ಲ ಸಾವಯವದ ಪಾಠ ಹೇಳಿದರು. ಅಂಥ ಪಾಠ ಹತ್ತು ಹಳ್ಳಿಗೊಂದು ಕಡೆಯಾದರೂ ನಡೆಯಬೇಕು.

ಕೊಳ್ಳುವವರು ಪೊಟ್ಟಣದ ಮೇಲೆ ಸಾವಯವ ಪ್ರಮಾಣಪತ್ರದ ಗುರುತು ನೋಡಬಹುದು. ಸಂತೆಯಲ್ಲಾದರೆ ರಾಗಿ ಮಾರುವವರನ್ನೇ ಮಾತಾಡಿಸಿ, ಈ ಸಲ ಅಕ್ಕಡಿಗೆ ಏನೇನು ಹಾಕಿದ್ದಿರಿ ಎಂದು ಕೇಳಬಹುದು. ಹಾಕಿದವರಾದರೆ ಎಲ್ಲ ಕಾಳಿನ ಹೆಸರೂ ಸಲೀಸಾಗಿ ಹೇಳುತ್ತಾರೆ. ರಾಗಿ ಕೊಯ್ದು ಮೆದೆ ಹಾಕಿದ ಮೇಲೂ ಆ ಹೊಲ ಬರಿದಾಗಿರುವುದಿಲ್ಲ. ಕೂಳೆಗಳ ನಡುವೆ ಅವರೆ ಸಾಲು ಹಾಗೇ ನಿಂತಿರುತ್ತದೆ. ಧನುರ್ಮಾಸದ ಇಬ್ಬನಿ ಬಿದ್ದು ಕಾಯಿಗೆ ಸೊಗಡು ಏರುತ್ತಿರುತ್ತದೆ. ಬೆಳಿಗ್ಗೆ ಕಾಯಿ ಬಿಡಿಸಲು ಹೋದವರ ಸೆರಗೆಲ್ಲ ಅದೇ ಘಮ.