ಮಾಮನ ಆಟೊ ಹಿಂದಿನ ಶಂಕರಣ್ಣ

ನಮ್ಮ ಮಾಮನ ಆಟೊದಲ್ಲಿ ಎರಡು ಫೋಟೊ. ಮುಂದಿನ ಗಾಜಿನ ಮೇಲೆ ಹಂಪಿ ವಿರೂಪಾಕ್ಷ, ಹಿಂದೆ ಶಂಕರ್‌ನಾಗ್. ವಿರೂಪಾಕ್ಷನ ಸ್ಟಿಕ್ಕರ್ ಬಿಸಿಲಿಗೆ ಬಣ್ಣಗೆಟ್ಟರೆ ‘ಮುಂದಿನ ಹುಣ್ಣಿಮೆಗೆ ನೋಡೋಣ’ ಅನ್ನುತ್ತಾನೆ. ಶಂಕರ್‌ನಾಗ್ ಸ್ಟಿಕ್ಕರಿನ ಅಂಚು ಒಂದಿಷ್ಟು ಎದ್ದರೆ ಸಾಕು, ಅವತ್ತೇ ಹೊಸದು ಬರುತ್ತದೆ. ಹೊಸಪೇಟೆ ಬಸ್ ಸ್ಟ್ಯಾಂಡ್ ಎದುರು ಐದು ನಿಮಿಷ ನಿಂತು ನೋಡಿ. ಕಮಲಾಪುರಕ್ಕೆ, ಹಂಪಿಗೆ, ಡ್ಯಾಮಿಗೆ ಅಂತ ಕೂಗುವ ಆಟೊಗಳಲ್ಲಿ ಎಷ್ಟೋ ಗಾಡಿಗಳ ಬೆನ್ನ ಮೇಲೆ ಅದೇ ಗಡ್ಡ, ಅದೇ ನಗು.

ಶಂಕರ್‌ನಾಗ್ ತೀರಿಕೊಂಡಾಗ ಮಾಮನಿಗೆ ಐದು ವರ್ಷ. ನಾನು ಹುಟ್ಟಲು ಇನ್ನೂ ಹದಿನಾಲ್ಕು ವರ್ಷ ಬಾಕಿ ಇತ್ತು. ಕಂಪ್ಲಿಯಿಂದ ಹೊಸಪೇಟೆಗೆ ದಿನಾ ಬಸ್ಸಿನಲ್ಲಿ ಬಂದು ಡಿಗ್ರಿ ಓದುವ ನನಗೆ ಅವರು ಒಂದು ಸ್ಟಿಕ್ಕರ್ ಮಾತ್ರ ಆಗಿದ್ದರು. ‘ಯಾರು ಮಾಮ ಇವ್ರು?’ ಅಂತ ಚಿಕ್ಕವಳಿದ್ದಾಗ ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಒಂದೇ: ‘ನಮ್ಮ ಆಟೊ ರಾಜ.’

ಕಳೆದ ವರ್ಷ ಒಂದು ಕಿರುಚಿತ್ರ ಸ್ಪರ್ಧೆ ಇತ್ತು. ಐದು ನಿಮಿಷದ ಸಿನಿಮಾ, ಮೊಬೈಲ್‌ನಲ್ಲೇ ತೆಗೆಯಬೇಕು. ನಾವು ಮೂವರು ಸೇರಿಕೊಂಡೆವು. ಕ್ಯಾಮೆರಾ ಹಿಡಿಯುವವನು ಸಂಡೂರಿನ ಗೆಳೆಯ. ಅವನ ಅಪ್ಪ ಅದಿರು ಲಾರಿ ಓಡಿಸುತ್ತಾರೆ. ಎಲ್ಲಿ ತೆಗೆಯೋದು ಅನ್ನುವ ಪ್ರಶ್ನೆಯೇ ಹುಟ್ಟಲಿಲ್ಲ. ಹತ್ತಿರದಲ್ಲೇ ಹಂಪಿ ಇರುವಾಗ ಬೇರೆ ಜಾಗ ಯಾಕೆ? 50 ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥ, ಮಾತಂಗ ಬೆಟ್ಟದ ಮೇಲಿನ ಸೂರ್ಯೋದಯ, ಹೊಳೆಯಲ್ಲಿ ಹರಿಗೋಲು, ಎಲ್ಲ ತೆಗೆದೆವು. ಹಿಂದೆ ಕೊಳಲಿನ ಸಂಗೀತ ಹಾಕಿದೆವು. ಕತೆ? ಅದನ್ನು ಮರೆತಿದ್ದೆವು. ತೋರಿಸಿದ ದಿನ ಹಿಂದಿನ ಸಾಲಿನಿಂದ ಯಾರೋ ‘ರೀಲ್ಸ್ ಚೆನ್ನಾಗೈತಿ’ ಅಂದರು. ಅದು ಹೊಗಳಿಕೆ ಆಗಿರಲಿಲ್ಲ.

ಅವತ್ತು ನಮ್ಮ ಕನ್ನಡ ಮೇಷ್ಟ್ರು ಸಮಾಧಾನ ಏನೂ ಹೇಳಲಿಲ್ಲ. ‘ಮಾಲ್ಗುಡಿ ಡೇಸ್ ನೋಡಿದ್ದೀರಾ?’ ಅಂತಷ್ಟೇ ಕೇಳಿದರು. ಹಳೇ ಸೀರಿಯಲ್ ಯಾರು ನೋಡ್ತಾರೆ ಸಾರ್ ಅನ್ನುವ ಮುಖ ಮಾಡಿಕೊಂಡು ಮನೆಗೆ ಬಂದೆ. ಮೊದಲ ಕಂತು ಹಚ್ಚಿದೆ. ನಿರ್ದೇಶನ ಅಂತ ಹೆಸರು ಬಂದಾಗ ಎದ್ದು ಕೂತೆ. ಮಾಮನ ಆಟೊ ಹಿಂದಿನ ಮನುಷ್ಯ!

ಮರುದಿನ ಆಟೊ ಸ್ಟ್ಯಾಂಡಿಗೆ ಹೋಗಿ ಹೇಳಿದೆ. ‘ಮಾಮ, ಶಂಕರ್‌ನಾಗ್ ಡೈರೆಕ್ಟರ್ ಅಂತೆ, ನಿನಗೆ ಗೊತ್ತೇನು?’

‘ಏ, ಆಟೊ ರಾಜ ಅವನೇ ತೆಗೆದಿದ್ದಲ್ಲೇನು?’

ಅಲ್ಲ. 1980ರ ‘ಆಟೊ ರಾಜ’ದ ನಿರ್ದೇಶಕರು ವಿಜಯ್. ಶಂಕರ್‌ನಾಗ್ ಅದರಲ್ಲಿ ನಾಯಕ ಅಷ್ಟೇ. ‘ಸಾಂಗ್ಲಿಯಾನ’ ಕೂಡ ಅವರ ನಿರ್ದೇಶನ ಅಲ್ಲ. ಮಾಮನಿಗೆ ಗೊತ್ತಿದ್ದ ಶಂಕರ್‌ನಾಗ್ ಬೇರೆ, ಮೇಷ್ಟ್ರಿಗೆ ಗೊತ್ತಿದ್ದ ಶಂಕರ್‌ನಾಗ್ ಬೇರೆ. ಇಬ್ಬರನ್ನೂ ಒಂದೇ ಮನುಷ್ಯನಾಗಿ ನೋಡಲು ನನಗೆ ಒಂದು ಬೇಸಿಗೆ ರಜೆ ಪೂರ್ತಿ ಹಿಡಿಯಿತು.

ಅವರು ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರದ ಕಡೆ. ಅಣ್ಣ ಅನಂತ್‌ನಾಗ್. ಓದಿನ ನಂತರ ಮುಂಬೈ ಸೇರಿ ಮರಾಠಿ ರಂಗಭೂಮಿಯಲ್ಲಿ ಮುಳುಗಿದರು. ಮುಂದೆ ಬಾಳಸಂಗಾತಿಯಾದ ಅರುಂಧತಿ ಅವರ ಪರಿಚಯ ಆಗಿದ್ದೂ ನಾಟಕದ ನಂಟಿನಿಂದಲೇ. ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲೂ ಅವರ ಕೈ ಇದೆ. ಕನ್ನಡಕ್ಕೆ ಕರೆತಂದವರು ಗಿರೀಶ ಕಾರ್ನಾಡ. 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಲ್ಲಿ ಕೂಲಿಗಾಗಿ ಕತ್ತಿ ಹಿಡಿಯುವ ಸೈನಿಕನ ಪಾತ್ರ. ಮೊದಲ ಚಿತ್ರಕ್ಕೇ 1979ರ ಭಾರತ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಆ ಪಾತ್ರದ ಹೆಸರು ಕೇಳಿದರೆ ಕಂಪ್ಲಿಯವರಿಗೆ ಕಿವಿ ನೆಟ್ಟಗಾಗುತ್ತದೆ: ಗಂಡುಗಲಿ. ನಮ್ಮ ಸೀಮೆಯಲ್ಲಿ ಗಂಡುಗಲಿ ಅಂದರೆ ಕಂಪಿಲರಾಯನ ಮಗ ಕುಮಾರರಾಮ. ವಿಜಯನಗರ ಹುಟ್ಟುವುದಕ್ಕಿಂತ ಮುಂಚೆ ದೆಹಲಿ ಸುಲ್ತಾನರ ಸೈನ್ಯಕ್ಕೆ ಎದುರು ನಿಂತವನು. ಸಿನಿಮಾದ ಗಂಡುಗಲಿಗೂ ನಮ್ಮ ಕುಮಾರರಾಮನಿಗೂ ಸಂಬಂಧವಿಲ್ಲ. ಅವನು ರಾಜಕುಮಾರನಲ್ಲ, ಕೂಲಿಗೆ ಬಂದ ಕತ್ತಿ. ಆದರೂ ನಮ್ಮವ್ವನಿಗೆ ಹೇಳಿದಾಗ ‘ಹಂಗಾದ್ರೆ ನಮ್ಮೋನೇ ಬಿಡು’ ಅಂದುಬಿಟ್ಟಳು. ನಾನು ತಿದ್ದಲು ಹೋಗಲಿಲ್ಲ.

ಪ್ರಶಸ್ತಿ ಬಂದಮೇಲೆ ನಟನಾಗಿಯೇ ಇದ್ದುಬಿಡಬಹುದಿತ್ತು. ಅವಕಾಶಗಳಿಗೆ ಬರವಿರಲಿಲ್ಲ. ಸುಮಾರು 12 ವರ್ಷದಲ್ಲಿ 80ರ ಆಸುಪಾಸು ಚಿತ್ರಗಳಲ್ಲಿ ನಟಿಸಿದರು. ಅವುಗಳಲ್ಲಿ ಒಂದಷ್ಟನ್ನು ನಾನೂ ಮಾಮನೂ ಕೂತು ನೋಡಿದೆವು. ನಿಜ ಹೇಳುತ್ತೇನೆ, ಮಾಮ ಬೈದರೂ ಪರವಾಗಿಲ್ಲ: ಕೆಲವು ಚಿತ್ರಗಳನ್ನು ಅವರು ಒಪ್ಪದೇ ಇದ್ದಿದ್ದರೆ ಚೆನ್ನಾಗಿತ್ತು. ಹೊಡೆದಾಟ, ಡ್ಯಾನ್ಸು, ಮತ್ತೆ ಹೊಡೆದಾಟ. ಆದರೆ ಅದೇ ಹೊತ್ತಿನಲ್ಲಿ ಅವರ ಇನ್ನೊಂದು ಓಟ ನಡೆದಿತ್ತು. ‘ಸಂಕೇತ್’ ತಂಡ ಕಟ್ಟಿಕೊಂಡು ಬೆಂಗಳೂರಿನಲ್ಲಿ ನಾಟಕ ಆಡಿಸುತ್ತಿದ್ದರು. 1980ರಲ್ಲಿ ‘ಮಿಂಚಿನ ಓಟ’ ನಿರ್ದೇಶಿಸಿದರು. ಕಾರು ಕಳ್ಳರ ಕತೆ ಅದು, ರಾಜ್ಯ ಪ್ರಶಸ್ತಿಗಳನ್ನೂ ಗಳಿಸಿತು. ಆಮೇಲೆ ‘ಜನ್ಮ ಜನ್ಮದ ಅನುಬಂಧ’, ಇಳಯರಾಜ ಸಂಗೀತದ ‘ಗೀತಾ’. ಸಂಕೇತ್ ಹೆಸರಿನಲ್ಲೇ ಒಂದು ರೆಕಾರ್ಡಿಂಗ್ ಸ್ಟುಡಿಯೊ ಕೂಡ ತೆರೆದರು. 1987ರಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಮುತ್ತು ಹೆಕ್ಕುವ ಬಡವನ ಪಾತ್ರಕ್ಕೆ ಇಳಿಸಿ ‘ಒಂದು ಮುತ್ತಿನ ಕಥೆ’ ತೆಗೆದರು. ಮೂಲ ಅಮೆರಿಕದ ಜಾನ್ ಸ್ಟೈನ್‌ಬೆಕ್ ಬರೆದ ‘ದಿ ಪರ್ಲ್’.

ಇವೆಲ್ಲದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 1985ರ ‘ಆಕ್ಸಿಡೆಂಟ್’. ಮತ್ತಿನಲ್ಲಿ ಕಾರು ಓಡಿಸುವ ದೊಡ್ಡವರ ಮಗ, ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಯವರ ಮೇಲೆ ಗಾಡಿ ಹರಿಸುತ್ತಾನೆ. ಅಪ್ಪ ರಾಜಕಾರಣಿ. ಬದುಕುಳಿದವನು ಒಬ್ಬ, ಆ ಪಾತ್ರ ರಮೇಶ್ ಭಟ್ ಅವರದು. ಸತ್ಯ ಹುಡುಕುವ ಪತ್ರಕರ್ತ ಶಂಕರ್‌ನಾಗ್. ಕೇಸು ಮುಚ್ಚಿಹಾಕುವ ಆಟ ಹೇಗೆ ನಡೆಯುತ್ತದೆ ಅನ್ನುವುದನ್ನು ಒಂದೊಂದೇ ಮೆಟ್ಟಿಲಾಗಿ ತೋರಿಸುತ್ತಾರೆ. ಸಾಮಾಜಿಕ ಸಮಸ್ಯೆಯ ಚಿತ್ರಗಳ ವಿಭಾಗದಲ್ಲಿ ರಾಷ್ಟ್ರ ಪ್ರಶಸ್ತಿ ಬಂದ ಸಿನಿಮಾ ಇದು. ಸಂಡೂರಿನ ಗೆಳೆಯ ನನ್ನ ಜೊತೆ ಕೂತು ನೋಡಿದ. ಮುಗಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಲಾರಿಗಳು ಸಾಲುಗಟ್ಟಿ ಓಡುವ ಊರಿನವನು. ಅಪ್ಪ ಡ್ಯೂಟಿಗೆ ಹೋದ ರಾತ್ರಿ ಫೋನ್ ರಿಂಗಾದರೆ ಅವನ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಏಳುತ್ತಾರಂತೆ. ‘ಈ ಸಿನಿಮಾದಾಗ ಸತ್ತವರಿಗೂ ಒಂದು ಮನೆ ಐತಿ ಅನ್ನೋದು ಕಾಣ್ತೈತಲ್ಲ, ಅದು’ ಅಂದ. ನಾನು ಬರೆಯಬೇಕಾಗಿದ್ದ ವಿಮರ್ಶೆಯನ್ನು ಅವನು ಒಂದೇ ಮಾತಿನಲ್ಲಿ ಮುಗಿಸಿದ್ದ.

ಈಗ ‘ಮಾಲ್ಗುಡಿ ಡೇಸ್’ ವಿಷಯಕ್ಕೆ ಬರುತ್ತೇನೆ, ಮೇಷ್ಟ್ರು ಯಾಕೆ ಅದನ್ನೇ ನೋಡಲು ಹೇಳಿದರು ಅನ್ನುವುದಕ್ಕೆ.

ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ಯಾವ ನಕ್ಷೆಯಲ್ಲೂ ಇಲ್ಲ. ಅದು ಕಾಗದದ ಮೇಲಿನ ಊರು. 1980ರ ದಶಕದ ನಡುವಿನಲ್ಲಿ ದೂರದರ್ಶನಕ್ಕೆ ಅದನ್ನು ಸೀರಿಯಲ್ ಮಾಡಬೇಕಾದಾಗ ನಿರ್ಮಾಪಕ ಟಿ.ಎಸ್. ನರಸಿಂಹನ್, ನಿರ್ದೇಶಕ ಶಂಕರ್‌ನಾಗ್ ಆ ಊರನ್ನು ಕಂಡದ್ದು ಆಗುಂಬೆಯಲ್ಲಿ. ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಾಗಕ್ಕೆ ಕ್ಯಾಮೆರಾ ಹೊತ್ತುಕೊಂಡು ಹೋಗುವುದೆಂದರೆ! ನಮ್ಮ ಬಯಲುಸೀಮೆಯವರಿಗೆ ಆ ಲೆಕ್ಕವೇ ತಲೆಗೆ ಹೋಗುವುದಿಲ್ಲ. ಹಿಂದಿ, ಇಂಗ್ಲಿಷ್ ಎರಡರಲ್ಲೂ ಚಿತ್ರೀಕರಣ. ಆಗುಂಬೆಯ ದೊಡ್ಡಮನೆ ಸ್ವಾಮಿಯ ಮನೆಯಾಯಿತು. ಅರಸಾಳು ರೈಲು ನಿಲ್ದಾಣ ಮಾಲ್ಗುಡಿ ಸ್ಟೇಷನ್ ಆಯಿತು, ಈಗ ಅಲ್ಲಿ ಮಾಲ್ಗುಡಿ ಮ್ಯೂಸಿಯಂ ಇದೆ. ಕಲಾ ನಿರ್ದೇಶಕ ಜಾನ್ ದೇವರಾಜ್, ಸಂಗೀತ ಎಲ್. ವೈದ್ಯನಾಥನ್, ಚಿತ್ರಗಳು ಆರ್.ಕೆ. ಲಕ್ಷ್ಮಣ್ ಅವರವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ. ಮೊದಲು ತನ್ನನ್ನು ಸಿನಿಮಾಕ್ಕೆ ತಂದವರನ್ನೇ ಶಂಕರ್‌ನಾಗ್ ತಮ್ಮ ಕ್ಯಾಮೆರಾ ಮುಂದೆ ನಿಲ್ಲಿಸಿದ್ದರು. ಅವರು ನಿರ್ದೇಶಿಸಿದ್ದು ಒಟ್ಟು 39 ಕಂತು. ಬಹಳ ವರ್ಷಗಳ ನಂತರ ಕವಿತಾ ಲಂಕೇಶ್ ಇನ್ನಷ್ಟು ಕಂತುಗಳನ್ನು ಮಾಡಿದರು.

ನಮ್ಮ ಹಂಪಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 1986ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಶಂಕರ್‌ನಾಗ್ ಒಂದು ಮಳೆಯೂರಿನ ಬೀದಿಯಲ್ಲಿ ನಿಂತು, ಏನೂ ವಿಶೇಷ ಇಲ್ಲದ ಜನರ ಕತೆ ತೆಗೆಯುತ್ತಿದ್ದರು. ಹೋಂವರ್ಕ್ ಮಾಡದ ಹುಡುಗ. ಅಪ್ಪನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಲು ಹೆದರಿ, ಆ ಹೆದರಿಕೆಯಲ್ಲೇ ಕಳ್ಳನ ಕಾಲು ಕಚ್ಚಿ ಹೀರೊ ಆಗುವವನು. ಲಾಲಿ ರೋಡಿನ ಪ್ರತಿಮೆಯ ಕಂತಂತೂ ಹಂಪಿಯ ಪಕ್ಕ ಬೆಳೆದವರು ನೋಡಲೇಬೇಕು. ನಮಗೆ ಪ್ರತಿಮೆ ಅಂದರೆ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆಸಿಕೊಳ್ಳುವ ವಸ್ತು. ಅಲ್ಲಿ ಅದನ್ನು ತೆಗೆಯಬೇಕೋ ಇಡಬೇಕೋ ಅಂತ ಇಡೀ ಊರೇ ಒದ್ದಾಡುತ್ತದೆ.

ಒಂದು ಸಂಜೆ ಸ್ಟ್ಯಾಂಡಿನಲ್ಲಿ ಬಾಡಿಗೆ ಇಲ್ಲದೆ ಕೂತಿದ್ದ ಮಾಮನಿಗೆ ಫೋನಿನಲ್ಲಿ ಒಂದು ಕಂತು ಹಚ್ಚಿಕೊಟ್ಟೆ. ತಿಂಗಳಿಗೆ 45 ರೂಪಾಯಿ ಸಂಬಳದ ಕತೆ. ಗುಮಾಸ್ತನ ಪಾತ್ರದಲ್ಲಿ ವಿಷ್ಣುವರ್ಧನ್. ‘ಓ, ನಮ್ಮ ಸಾಹಸಸಿಂಹ!’ ಅಂತ ಮಾಮ ಖುಷಿಯಲ್ಲಿ ಕಾಲು ಮಡಚಿ ಕೂತ. ಆದರೆ ಇಲ್ಲಿ ಸಾಹಸ ಇಲ್ಲ. ಮಗಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟಿರುತ್ತಾನೆ. ಮಗಳು ಫ್ರಾಕ್ ಹಾಕಿಕೊಂಡು ಕಾಯುತ್ತಾಳೆ. ಸಾಹೇಬ ಬಿಡುವುದಿಲ್ಲ. ಸಿಟ್ಟಿನಲ್ಲಿ ರಾಜೀನಾಮೆ ಬರೆಯುತ್ತಾನೆ, ಅಷ್ಟರಲ್ಲಿ ಐದು ರೂಪಾಯಿ ಸಂಬಳ ಏರಿದ ಸುದ್ದಿ ಬರುತ್ತದೆ, ಕಾಗದ ಜೇಬಿಗೆ ಸೇರುತ್ತದೆ. ಮನೆಗೆ ಬಂದಾಗ ಮಗಳು ಅದೇ ಫ್ರಾಕಿನಲ್ಲಿ ನಿದ್ದೆ ಹೋಗಿದ್ದಾಳೆ.

ಮಾಮ ಫೋನ್ ವಾಪಸ್ ಕೊಟ್ಟ. ‘ಇದನ್ಯಾಕೆ ತೋರಿಸಿದಿ?’ ಅಂದ.

ಅವನ ಮಗಳಿಗೆ ಏಳು ವರ್ಷ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿಗೆ ಹೋಗುವವರನ್ನು ಸ್ಟೇಷನ್ನಿಗೆ ಬಿಟ್ಟು, ಆಮೇಲೂ ಒಂದೆರಡು ಬಾಡಿಗೆ ಸಿಗುತ್ತದೇನೋ ಅಂತ ಕಾದು ಅವನು ಮನೆ ಸೇರುವ ಹೊತ್ತಿಗೆ ಅವಳು ಮಲಗಿರುತ್ತಾಳೆ. ಬೆಳಿಗ್ಗೆ ಟೂರಿಸ್ಟುಗಳನ್ನು ಹಿಡಿಯಲು ಅವಳು ಏಳುವ ಮೊದಲೇ ಹೊರಡುತ್ತಾನೆ. ಹಂಪಿಯ ಒಂದೊಂದು ಕಲ್ಲಿನ ಹೆಸರೂ ಅವನಿಗೆ ಗೊತ್ತು. ಮಗಳು ಯಾವ ಬೆಂಚಿನಲ್ಲಿ ಕೂರುತ್ತಾಳೆ ಅಂತ ಕೇಳಿ ನೋಡಿ.

ನಾನು ಹಂಪಿಯಲ್ಲಿ ಹುಡುಕಲು ಹೋಗಿದ್ದ ಕತೆ ಇಷ್ಟು ದಿನ ಇದೇ ಆಟೊದಲ್ಲಿ ನನ್ನನ್ನು ಕೂರಿಸಿಕೊಂಡು ಓಡಾಡುತ್ತಿತ್ತು.

ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡು ಬಳಿ ರಸ್ತೆ ಅಪಘಾತದಲ್ಲಿ ಹೋದರು. 36 ತುಂಬಲು ಇನ್ನೂ ಒಂದು ತಿಂಗಳ ಮೇಲಿತ್ತು. ‘ಆಕ್ಸಿಡೆಂಟ್’ ತೆಗೆದವರು ಅಪಘಾತದಲ್ಲೇ ಹೋದರು ಅನ್ನುವ ಮಾತನ್ನು ಎಲ್ಲರೂ ಹೇಳುತ್ತಾರೆ, ನನಗೆ ಆ ಮಾತು ಹಿಡಿಸುವುದಿಲ್ಲ. ಅರುಂಧತಿ ನಾಗ್ ಅವರು ಆಮೇಲೆ ಕಟ್ಟಿದ ರಂಗಶಂಕರ 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಬಾಗಿಲು ತೆರೆಯಿತು. ಅದು ನಾನು ಹುಟ್ಟಿದ ವರ್ಷ. ಒಮ್ಮೆ ಅಲ್ಲಿ ನಾಟಕ ನೋಡಬೇಕು. ಮನೆಯಲ್ಲಿ ಮೊದಲು ಬ್ಯಾಂಕ್ ಪರೀಕ್ಷೆ ಬರಿ ಅನ್ನುತ್ತಿದ್ದಾರೆ. ಎರಡಕ್ಕೂ ಬೆಂಗಳೂರಿಗೇ ಹೋಗಬೇಕು ಅಂತ ನಾನು ಹೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

ಹೋದ ತಿಂಗಳು ನಮ್ಮ ಎರಡನೇ ಕಿರುಚಿತ್ರದ ಶೂಟಿಂಗ್ ಆಯಿತು. ಯಾವ ಸ್ಪರ್ಧೆಗೂ ಅಲ್ಲ. ಇದರಲ್ಲಿ ಕಲ್ಲಿನ ರಥ ಇಲ್ಲ, ಕೊಳಲೂ ಇಲ್ಲ. ಸ್ಟೇಷನ್ ಹೊರಗೆ ರಾತ್ರಿ ಹತ್ತು ಗಂಟೆಗೆ ಒಬ್ಬ ಆಟೊದವನು ಕೊನೇ ಬಾಡಿಗೆಗೆ ಕಾಯುತ್ತಾನೆ, ಅಷ್ಟೇ. ಮಾಮ ಮೊದಲ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆ ಬಾಚಿ, ಪೌಡರ್ ಹಚ್ಚಿಕೊಂಡು ಬಂದ. ಕಷ್ಟಪಟ್ಟು ಖಾಕಿ ಹಾಕಿಸಿದೆವು. ಕ್ಯಾಮೆರಾ ಕಂಡರೆ ಮೈ ಬಿಗಿಯಾಗಿ ‘ಆಟೊ ರಾಜ’ನ ಹಾಗೆ ಎದೆ ಮುಂದೆ ಮಾಡುತ್ತಿದ್ದ. ಹದಿನಾಲ್ಕನೇ ಟೇಕಿನಲ್ಲಿ ಸುಸ್ತಾಗಿ, ನಿಜವಾಗಲೂ ಆಕಳಿಸಿದ. ಅದನ್ನೇ ಇಟ್ಟುಕೊಂಡೆವು.

ಮನೆಯ ದೃಶ್ಯಕ್ಕೆ ಮಗಳು ಮಲಗಿದಂತೆ ನಟಿಸಬೇಕಿತ್ತು. ಅಪ್ಪ ಎಚ್ಚರವಿರುವ ಹೊತ್ತಿಗೆ ಮನೆಯಲ್ಲಿದ್ದಾನೆ ಅನ್ನುವ ಖುಷಿಗೆ ಅವಳು ಹನ್ನೊಂದೂವರೆಯವರೆಗೂ ಕಣ್ಣು ಮುಚ್ಚಲಿಲ್ಲ. ಗೆಳೆಯ ಫೋನ್ ಹಿಡಿದು ಮೂಲೆಯಲ್ಲಿ ಕಾದ. ಮಾಮ ಅವಳ ತಲೆ ಸವರುತ್ತಾ ಹೊರಗೆ ನಿಲ್ಲಿಸಿದ್ದ ಆಟೊ ಕಡೆ ನೋಡಿ ನನ್ನನ್ನು ಮೆಲ್ಲಗೆ ಕೇಳಿದ: ‘ಬಾಗಿಲಾಗಿಂದ ಶಂಕರಣ್ಣ ಕಾಣ್ತಾನೋ ಇಲ್ಲೋ? ಗಾಡಿ ಸ್ವಲ್ಪ ತಿರುಗಿಸಿ ನಿಲ್ಲಿಸ್ಲೇನು?’