ಸಂಘದ ಲೆಕ್ಕವನ್ನು ಎಲ್ಲಿ ಇಡಬೇಕು? – ಗಣಕಯಂತ್ರದ ದಾಖಲೆ ಸಂಗ್ರಹಣೆಯ ವಿಧಾನಗಳು



1940ರಲ್ಲಿ ವಿಮಾನ ಕಾರ್ಖಾನೆ ಸ್ಥಾಪನೆಯಾಗಿ, ಅದರಿಂದಲೇ ಹೆಸರು ಪಡೆದ ವಿಮಾನಪುರದ ಸುತ್ತಮುತ್ತ ಒಂದು ಕಾಲಕ್ಕೆ ರಾಗಿ ಹೊಲ ಮತ್ತು ಕೆರೆಗಳಿದ್ದವು. ಇಂದಿಗೂ ಬೆಳ್ಳಂದೂರು, ವರ್ತೂರು ಕೆರೆಗಳ ಅಂಚಿನಲ್ಲಿ ಹುಲ್ಲು ಕೊಯ್ದು ತಂದು ಹಸು ಸಾಕುವವರಿದ್ದಾರೆ. ಅವರು ಹುಲ್ಲಿನ ಹೊರೆ ತರುವ ದಾರಿಯ ಪಕ್ಕದಲ್ಲಿಯೇ ದೇಶವಿದೇಶಗಳ ದತ್ತಾಂಶವನ್ನು ಕಾಯ್ದಿಡುವ ಉದ್ಯಮವೂ ಬೆಳೆದಿದೆ. ಸಂಗ್ರಹಣಾ ಯಂತ್ರಗಳನ್ನೇ ಮಾರುವ ನೆಟ್‌ಆಪ್ ಕಂಪನಿಯ ದೊಡ್ಡ ಕಚೇರಿ ವೈಟ್‌ಫೀಲ್ಡಿನಲ್ಲಿದೆ. ಹೈನುಗಾರರ ಮಕ್ಕಳೇ ಅನೇಕರು ಇಂತಹ ಕಚೇರಿಗಳಲ್ಲಿ ಉದ್ಯೋಗದಲ್ಲಿದ್ದಾರೆ.

ಹೀಗಿರುವಾಗ ನಮ್ಮ ಸಂಘಗಳಿಗೂ ಈ ವ್ಯಾಪಾರ ಕಾಲಿಟ್ಟಿರುವುದು ಆಶ್ಚರ್ಯವಲ್ಲ. ತರಬೇತಿ ಶಿಬಿರಗಳಲ್ಲಿ ಕಾರ್ಯದರ್ಶಿಗಳು ರಾಸುಗಳ ವಿಷಯ ಮುಗಿದ ಮೇಲೆ ಕೇಳುವ ಪ್ರಶ್ನೆ ಇದು: "ಸಾರ್, ಒಬ್ಬರು ಬಂದು ಸರ್ವರ್ ಹಾಕಿಸಿ ಅಂತಾರೆ, ಇನ್ನೊಬ್ಬರು ಕ್ಲೌಡ್ ತಗೊಳ್ಳಿ ಅಂತಾರೆ. ನಮ್ಮ ಸಂಘಕ್ಕೆ ಯಾವುದು ಬೇಕು?" ಪಶುವೈದ್ಯನಾದವನು ಇದಕ್ಕೆ ಉತ್ತರ ಹೇಳುವುದೇ ಎಂದು ಕೆಲವರಿಗೆ ಅನ್ನಿಸಬಹುದು. ಕಿವಿಯೋಲೆಯ 12 ಅಂಕಿಯ ಸಂಖ್ಯೆ, ಲಸಿಕೆ, ಕೃತಕ ಗರ್ಭಧಾರಣೆಯ ದಿನಾಂಕ, ಇವೆಲ್ಲ ಗಣಕಯಂತ್ರ ಸೇರಿದ ಮೇಲೆ ದಾಖಲೆಯ ಕ್ಷೇಮ ನಮ್ಮ ಇಲಾಖೆಯ ಕೆಲಸವೂ ಆಗಿದೆ. ಕಿವಿಯೋಲೆಯ ಸಂಖ್ಯೆ ದಾಖಲೆಗೆ ತಾಳೆಯಾಗದಿದ್ದರೆ ಸತ್ತ ರಾಸಿನ ವಿಮೆ ಕೈಗೆ ಬರುವುದು ಕಷ್ಟ.

ಮೊದಲು ನಮ್ಮ ಲೆಕ್ಕದ ಗಾತ್ರ ಎಷ್ಟೆಂದು ನೋಡೋಣ. 150 ಮಂದಿ ಹಾಲು ಹಾಕುವ ಸಂಘದಲ್ಲಿ ದಿನಕ್ಕೆ ಎರಡು ಹೊತ್ತಿಗೆ 300 ನಮೂದುಗಳು, ವರ್ಷಕ್ಕೆ 1,09,500. ಸದಸ್ಯರ ಸಂಖ್ಯೆ, ದಿನಾಂಕ, ಲೀಟರು, ಜಿಡ್ಡು, ಜಿಡ್ಡೇತರ ಘನಾಂಶ, ದರ ಇಷ್ಟನ್ನು ಬರೆಯಲು ಒಂದು ನಮೂದಿಗೆ ಸುಮಾರು 100 ಅಕ್ಷರ ಹಿಡಿದರೂ ವರ್ಷದ ಒಟ್ಟು ಲೆಕ್ಕ 11 ಮೆಗಾಬೈಟನ್ನು ದಾಟುವುದಿಲ್ಲ. ಹಿಂದಿನ ಫ್ಲಾಪಿಗಳಲ್ಲಾದರೆ ಎಂಟು ಫ್ಲಾಪಿ. ಇಂದಿನ 16 ಗಿಗಾಬೈಟಿನ ಪೆನ್‌ಡ್ರೈವಿನಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿದ ಲೆಕ್ಕ ಹಿಡಿಯುತ್ತದೆ. ಆದುದರಿಂದ "ನಿಮ್ಮ ಡೇಟಾ ಬೆಳೆಯುತ್ತಿದೆ, ದೊಡ್ಡ ಯಂತ್ರ ಬೇಕು" ಎಂದು ಯಾರಾದರೂ ಹೇಳಿದರೆ ಸಂಘದ ಮಟ್ಟದಲ್ಲಿ ಅದನ್ನು ಒಪ್ಪಬೇಕಾಗಿಲ್ಲ. ನಮಗಿರುವ ಚಿಂತೆ ಜಾಗದ್ದಲ್ಲ, ಲೆಕ್ಕ ಕಳೆದುಹೋಗುವುದರದ್ದು.

ಕಳೆದರೆ ಏನಾಗುತ್ತದೆ? ಬಟವಾಡೆ ನಿಲ್ಲುತ್ತದೆ. ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭಿಸಿದ ಪ್ರೋತ್ಸಾಹಧನವೂ ಈ ಲೆಕ್ಕದ ಮೇಲೆಯೇ ಬರತಕ್ಕದ್ದು. ವರ್ಷದ ಕೊನೆಯ ಬೋನಸ್ಸಿಗೂ ಇದೇ ಆಧಾರ. ಬೈಲಾದಲ್ಲಿ ಹೇಳಿದಷ್ಟು ಹಾಲು ಹಾಕಿದ್ದಾರೋ ಇಲ್ಲವೋ ಎಂಬುದನ್ನು ಇದರಿಂದಲೇ ತೀರ್ಮಾನಿಸುವುದರಿಂದ, ಚುನಾವಣೆ ಹೊತ್ತಿಗೆ ಲೆಕ್ಕ ಇಲ್ಲವಾದರೆ ಊರಿನಲ್ಲಿ ಜಗಳ ಖಂಡಿತ.

ಈಗ ವಿಧಾನಗಳಿಗೆ ಬರೋಣ. ಅತ್ಯಂತ ಸರಳವಾದದ್ದು ಗಣಕಯಂತ್ರದ ಒಳಗಿನ ಡಿಸ್ಕ್. ಇದು ಅಗ್ಗ, ವೇಗವೂ ಇದೆ. ಆದರೆ ಒಂದೇ ಪ್ರತಿ. ತಿರುಗುವ ಡಿಸ್ಕ್ ಬೀಳಬಾರದು, ಪದೇ ಪದೇ ವಿದ್ಯುತ್ ಹೋಗಬಾರದು. ತಿರುಗುವ ಭಾಗವಿಲ್ಲದ ಎಸ್.ಎಸ್.ಡಿ. ಪೆಟ್ಟು ತಾಳುತ್ತದೆಯಾದರೂ ವಿದ್ಯುತ್ ಇಲ್ಲದೆ ಬಹುಕಾಲ ಬೀರುವಿನಲ್ಲಿ ಇಟ್ಟರೆ ಅದರಲ್ಲಿರುವುದು ಅಳಿಸಿಹೋಗುವ ಸಂಭವವುಂಟು. ಪೆನ್‌ಡ್ರೈವಿಗೂ ಇದೇ ಮಾತು.

ಎರಡನೆಯದು ರೇಡ್. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರಲ್ಲಿ ಮಂಡಿಸಿದ ವಿಚಾರವಿದು. ಹಲವು ಡಿಸ್ಕುಗಳನ್ನು ಸೇರಿಸಿ, ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಮಾಡುವುದು. ಇಲ್ಲಿ ಬಹಳ ಮಂದಿ ತಪ್ಪು ತಿಳಿಯುತ್ತಾರೆ. ನಮ್ಮ ಬಲ್ಕ್ ಮಿಲ್ಕ್ ಕೂಲರಿಗೆ ಎರಡು ಕಂಪ್ರೆಸರ್ ಇದ್ದರೆ ಒಂದು ಕೆಟ್ಟಾಗ ಇನ್ನೊಂದು ಹಾಲನ್ನು ತಂಪಾಗಿಡುತ್ತದೆ. ಆದರೆ ಯಾರೋ ಒಂದು ಕ್ಯಾನ್ ಹುಳಿ ಹಾಲು ಸುರಿದರೆ ಎರಡು ಕಂಪ್ರೆಸರ್ ಇದ್ದು ಏನು ಪ್ರಯೋಜನ? ಅದೇ ರೀತಿ ಲೆಕ್ಕ ಅಳಿಸಿದರೆ ರೇಡಿನ ಎರಡು ಡಿಸ್ಕಿನಲ್ಲೂ ಒಂದೇ ಕ್ಷಣದಲ್ಲಿ ಅಳಿಸುತ್ತದೆ. ರೇಡ್ ಇದೆಯೆಂದು ಬೇರೆ ಪ್ರತಿ ತೆಗೆಯದೆ ಇರುವುದು ಸಲ್ಲದು.

ಒಕ್ಕೂಟ, ಬ್ಯಾಂಕು, ದೊಡ್ಡ ಕಂಪನಿಗಳಲ್ಲಿ ಹಲವು ಗಣಕಯಂತ್ರಗಳು ಒಂದೇ ಸಂಗ್ರಹವನ್ನು ಬಳಸಬೇಕಾಗುತ್ತದೆ. ಅಲ್ಲಿ ಕೇಳಿಬರುವ ಹೆಸರುಗಳು ನ್ಯಾಸ್ ಮತ್ತು ಸ್ಯಾನ್. ಹೆಸರು ಒಂದೇ ತರಹ ಇರುವುದರಿಂದ ಗೊಂದಲ. ನ್ಯಾಸ್ ಎಂದರೆ ಡೇರಿ ಮಳಿಗೆ ಇದ್ದಂತೆ. ಕಚೇರಿಯ ಸಾಮಾನ್ಯ ಜಾಲದ ಮೂಲಕ ಇಂಥ ಕಡತ ಬೇಕೆಂದು ಹೆಸರು ಹೇಳಿ ಕೇಳಿದರೆ ಸಿದ್ಧ ಪ್ಯಾಕೆಟ್ ಕೈಗೆ ಸಿಗುತ್ತದೆ. ಸ್ಯಾನ್ ಎಂದರೆ ಡೇರಿಯ ಸೈಲೋದಿಂದ ಪ್ಯಾಕಿಂಗ್ ಯಂತ್ರಗಳಿಗೆ ಹೋಗುವ ಪ್ರತ್ಯೇಕ ಪೈಪ್‌ಲೈನ್. ಸಂಗ್ರಹ ಹಾಗೆಯೇ ಹರಿದು ಬರುತ್ತದೆ, ಅದಕ್ಕೆ ರೂಪ ಕೊಡುವುದು ಸರ್ವರಿನ ಕೆಲಸ. ಕ್ಷಣಕ್ಕೆ ಸಾವಿರಾರು ವಹಿವಾಟು ನಡೆಯುವ ಬ್ಯಾಂಕಿಗೆ ಸ್ಯಾನ್ ಬೇಕು. ಅದರ ಬೆಲೆಯೂ ಹೆಚ್ಚು, ನೋಡಿಕೊಳ್ಳಲು ತಿಳಿದವರೂ ಬೇಕು. ಹತ್ತಿಪ್ಪತ್ತು ಮಂದಿಯ ಕಚೇರಿಗೆ ನ್ಯಾಸ್ ಸಾಕು. ಸಂಘಕ್ಕೆ ಎರಡೂ ಬೇಡ.

ಇನ್ನು ಕ್ಲೌಡ್. ಹೆಸರಿನಲ್ಲಿ ಮೋಡವಿದ್ದರೂ ಅದು ನೆಲದ ಮೇಲಿನ ಕಟ್ಟಡವೇ. ಅಮೆಜಾನ್ ಕಂಪನಿಯ ಕೇಂದ್ರಗಳು 2016ರಿಂದ ಮುಂಬೈಯಲ್ಲೂ 2022ರಿಂದ ಹೈದರಾಬಾದಿನಲ್ಲೂ ಇವೆ. ಬಾಡಿಗೆ ಶೀತಲ ಕೇಂದ್ರದಲ್ಲಿ ಹಾಲು ಇಟ್ಟಂತೆ, ಬಳಸಿದಷ್ಟಕ್ಕೆ ಹಣ. ಯಂತ್ರ ಕೊಳ್ಳುವ ಬಂಡವಾಳ ಉಳಿಯುತ್ತದೆ, ಆದರೆ ಬಾಡಿಗೆ ಎಂದಿಗೂ ಮುಗಿಯುವುದಿಲ್ಲ. ಹೆಚ್ಚು ದತ್ತಾಂಶವನ್ನು ವಾಪಸು ತೆಗೆಯುವುದಕ್ಕೂ ಶುಲ್ಕವಿರುವುದುಂಟು. ಅಂತರ್ಜಾಲ ಕೈಕೊಟ್ಟ ದಿನ ಬೆಳಗಿನ ಹಾಲು ಅಳೆಯುವುದು ನಿಲ್ಲಬಾರದಲ್ಲ, ಆದ್ದರಿಂದ ಸ್ಥಳೀಯ ಗಣಕಯಂತ್ರದಲ್ಲಿ ಬರೆದುಕೊಂಡು ಆಮೇಲೆ ಕಳುಹಿಸುವ ವ್ಯವಸ್ಥೆ ಇದೆಯೇ ಎಂದು ಮೊದಲು ಕೇಳಿರಿ.

ಹಳೆಯದೆಂದು ಬಿಟ್ಟ ಟೇಪು ಇನ್ನೂ ಬದುಕಿದೆ. 2021ರಲ್ಲಿ ಮಾರುಕಟ್ಟೆಗೆ ಬಂದ ಎಲ್.ಟಿ.ಓ.-9 ಟೇಪಿನ ಒಂದು ಡಬ್ಬಿಯಲ್ಲಿ 18 ಟೆರಾಬೈಟ್ ಹಿಡಿಯುತ್ತದೆ. ಓದುವುದು ನಿಧಾನ, ಆದರೆ ಬೀರುವಿನಲ್ಲಿಟ್ಟ ಟೇಪಿಗೆ ಜಾಲದ ಮೂಲಕ ಬರುವ ಕಳ್ಳನ ಕೈ ಮುಟ್ಟುವುದಿಲ್ಲ. ದತ್ತಾಂಶಕ್ಕೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶಗಳ ಈ ಕಾಲದಲ್ಲಿ ಇದೊಂದು ದೊಡ್ಡ ಗುಣ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಇಂತಹ ದಾಳಿಯಾಗಿ ಹಲವು ದಿನ ರೋಗಿಗಳ ಚೀಟಿಗಳನ್ನು ಕೈಯಲ್ಲೇ ಬರೆಯಬೇಕಾಯಿತು. ದಾಳಿಗೆ ಸಿಕ್ಕದೆ ಉಳಿದಿದ್ದ ಬೇರೊಂದು ಸರ್ವರಿನ ಪ್ರತಿಯಿಂದ ದಾಖಲೆಗಳನ್ನು ಮರಳಿ ಪಡೆಯಲಾಯಿತು.

ಪ್ರತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು, ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಸಂಗ್ರಹವೇ ಸುಟ್ಟುಹೋಯಿತು. ಅದರಲ್ಲಿದ್ದದ್ದು 858 ಟೆರಾಬೈಟ್. ಅಷ್ಟು ಮುಂದುವರಿದ ದೇಶದಲ್ಲಿ ಅದಕ್ಕೆ ಹೊರಗಡೆ ಪ್ರತಿ ಇರಲಿಲ್ಲ! ಬೆಂಕಿ ದೂರದ ಮಾತಾದರೆ ನೀರು ಹತ್ತಿರದ್ದು. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ವಿಮಾನಪುರದ ಪಕ್ಕದ ಯಮಲೂರು, ಬೆಳ್ಳಂದೂರು, ಮಾರತ್ತಹಳ್ಳಿ ಕಡೆ ಜನರು ಟ್ರ್ಯಾಕ್ಟರಿನಲ್ಲಿ ಕಚೇರಿಗೆ ಹೋದದ್ದನ್ನು ನಾವೆಲ್ಲ ನೋಡಿದ್ದೇವೆ. ಒಂದು ಸಂಘದಲ್ಲಿ ಗಣಕಯಂತ್ರವೂ ಪ್ರತಿಯ ಡಿಸ್ಕೂ ಒಂದೇ ಮೇಜಿನ ಮೇಲಿದ್ದು, ಸೋರುವ ಶೀಟಿನಿಂದ ಎರಡೂ ನೆನೆದವು. ಕಡೆಗೆ ಸದಸ್ಯರ ಪಾಸ್‌ಪುಸ್ತಕಗಳನ್ನು ಮನೆಮನೆಯಿಂದ ತರಿಸಿ ಲೆಕ್ಕ ಕಟ್ಟಿದರು. ಪಾಸ್‌ಪುಸ್ತಕ ಬರೆಸದೆ ಇದ್ದವರ ಪಾಡು ಕೇಳಬೇಡಿ.

ನಮ್ಮ ರಾಜ್ಯದ ಭೂಮಿ ಯೋಜನೆಯನ್ನು ಇಲ್ಲಿ ನೆನೆಯಬೇಕು. 2000ದ ಸುಮಾರಿಗೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, 177 ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಯ ಮಾನ್ಯತೆಯನ್ನೇ ತೆಗೆಯಲಾಯಿತು. ಮೊದಲು ತಾಲ್ಲೂಕು ಕಚೇರಿಯಲ್ಲೇ ಸರ್ವರ್ ಇತ್ತು. ನಂತರ ರಾಜ್ಯದ ದತ್ತಾಂಶ ಕೇಂದ್ರಕ್ಕೆ ಸೇರಿಸಿದರು. ಕಾಗದವನ್ನು ಬಿಡುವವರು ಮೊದಲು ಪ್ರತಿಯ ವ್ಯವಸ್ಥೆ ಮಾಡಿಕೊಳ್ಳಬೇಕು, ಆಮೇಲೆ ಕಾಗದ ಬಿಡಬೇಕು. ಈ ಅನುಕ್ರಮ ಅನೇಕ ಕಡೆ ತಿರುಗುಮುರುಗಾಗಿದೆ.

ಹಾಗಾದರೆ ಸಂಘ ಏನು ಮಾಡಬೇಕು? ಪ್ರಪಂಚದಾದ್ಯಂತ ಒಪ್ಪಿರುವ ಸೂತ್ರ ಮೂರು-ಎರಡು-ಒಂದು: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಸಂಘದ ಗಣಕಯಂತ್ರದಲ್ಲಿ ಒಂದು, ಒಕ್ಕೂಟಕ್ಕೆ ಅಥವಾ ಕ್ಲೌಡಿಗೆ ಹೋಗುವುದು ಒಂದು, ಹತ್ತು ದಿನದ ಬಟವಾಡೆಯ ದಿನ ತೆಗೆದು ಒಬ್ಬ ನಿರ್ದೇಶಕರ ಮನೆಯಲ್ಲಿಡುವ ಹೊರಡಿಸ್ಕ್ ಒಂದು. ಡಿಸ್ಕನ್ನು ಸದಾ ಗಣಕಯಂತ್ರಕ್ಕೆ ಸಿಕ್ಕಿಸಿಯೇ ಇಡಬಾರದು.

ಪ್ರತಿ ತೆಗೆದದ್ದು ಸರಿಯಾಗಿದೆಯೇ ಎಂದು ತೆರೆದು ನೋಡುವವರು ಬಹಳ ಕಡಿಮೆ. ವೀರ್ಯನಳಿಕೆ ಇಡುವ ದ್ರವಸಾರಜನಕದ ಜಾಡಿ ಹೊರಗಿನಿಂದ ತುಂಬಿದ್ದರೂ ಬತ್ತಿದ್ದರೂ ಒಂದೇ ರೀತಿ ಕಾಣುತ್ತದೆ. ಅಳತೆ ಕಡ್ಡಿ ಇಳಿಸಿದಾಗಲೇ ಒಳಗಿನ ಮಟ್ಟ ತಿಳಿಯುವುದು. ಮೈನಸ್ 196 ಡಿಗ್ರಿಯ ದ್ರವ ಬತ್ತಿದ್ದರೆ ನಳಿಕೆ ಇದ್ದೂ ಇಲ್ಲದಂತೆ. ಅದೇ ರೀತಿ ತಿಂಗಳಿಗೊಮ್ಮೆ ಹೊರಡಿಸ್ಕಿನ ಪ್ರತಿಯನ್ನು ಬೇರೊಂದು ಗಣಕಯಂತ್ರದಲ್ಲಿ ತೆರೆದು, ಯಾರಾದರೂ ಇಬ್ಬರು ಸದಸ್ಯರ ಹತ್ತು ದಿನದ ಹಾಲಿನ ಲೆಕ್ಕವನ್ನು ಪಾಸ್‌ಪುಸ್ತಕದೊಂದಿಗೆ ತಾಳೆ ನೋಡಿ, ಹಾಗೆ ನೋಡಿದ ದಿನಾಂಕವನ್ನು ನಡವಳಿ ಪುಸ್ತಕದಲ್ಲಿ ಬರೆಯಬೇಕು.

ತಂತ್ರಾಂಶ ಮಾರುವವರೊಂದಿಗೆ ಕರಾರು ಮಾಡಿಕೊಳ್ಳುವಾಗ ಒಂದು ಷರತ್ತು ಮರೆಯಬೇಡಿ. ಕರಾರು ಮುಗಿದ ದಿನ ಸಂಘದ ಎಲ್ಲ ನಮೂದುಗಳನ್ನು ಯಾವ ಗಣಕಯಂತ್ರದಲ್ಲಾದರೂ ತೆರೆಯಬಹುದಾದ ಸಾದಾ ಪಟ್ಟಿಯ ರೂಪದಲ್ಲಿ, ಬೇರೆ ಶುಲ್ಕವಿಲ್ಲದೆ ಒಪ್ಪಿಸತಕ್ಕದ್ದು ಎಂದು ಬರೆಸಿಕೊಳ್ಳಿರಿ. ಪಾಸ್‌ವರ್ಡ್ ಕಾರ್ಯದರ್ಶಿಯೊಬ್ಬರಿಗೇ ಗೊತ್ತಿದ್ದರೆ ಸಾಲದು. ಮೊಹರು ಮಾಡಿದ ಲಕೋಟೆಯಲ್ಲಿ ಅಧ್ಯಕ್ಷರ ವಶದಲ್ಲೂ ಒಂದು ಇರಲಿ.